ಕೂಳೆ ಕಬ್ಬು ಎಷ್ಟು ಸಲ? ತಡವಾಗಿ ಗೆದ್ದವರ ಮುಂದಿನ ಗ್ರ್ಯಾನ್ ಸ್ಲಾಮ್

2025ರ ಜನವರಿ 25ರಂದು ಅಮೆರಿಕದ ಟೆನಿಸ್ ಆಟಗಾರ್ತಿ ಮ್ಯಾಡಿಸನ್ ಕೀಸ್ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದಾಗ ಅವರಿಗೆ ಮೂವತ್ತು ತುಂಬಲು ಮೂರು ವಾರ ಚಿಲ್ಲರೆ ದಿನಗಳಷ್ಟೇ ಉಳಿದಿದ್ದವು. ಗ್ರ್ಯಾನ್ ಸ್ಲಾಮ್ ಎನ್ನುವ ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ (ಆಸ್ಟ್ರೇಲಿಯಾ, ಫ್ರೆಂಚ್, ವಿಂಬಲ್ಡನ್, ಅಮೆರಿಕ) ಅದು ಅವರು ಆಡಿದ 46ನೆಯದು, ಅವುಗಳಲ್ಲಿ ಕೈಗೆ ಬಂದ ಮೊದಲ ಟ್ರೋಫಿ. 19ನೇ ಶ್ರೇಯಾಂಕ (ಬಲಾಢ್ಯರಿಗೆ ಟೂರ್ನಿ ಕೊಡುವ ಸ್ಥಾನ) ಪಡೆದು ಅಂಗಳಕ್ಕಿಳಿದವರು ಸೆಮಿಫೈನಲ್‌ನಲ್ಲಿ ವಿಶ್ವದ ಎರಡನೇ ಕ್ರಮಾಂಕದ ಇಗಾ ಶ್ವಾಂಟೆಕ್ ಅವರನ್ನೂ, ಫೈನಲ್‌ನಲ್ಲಿ ಅಗ್ರ ಕ್ರಮಾಂಕದ ಅರಿನಾ ಸಬಲೆಂಕಾ ಅವರನ್ನೂ ಮಣಿಸಿದ್ದರು. ಸಬಲೆಂಕಾ ಅದಕ್ಕೆ ಹಿಂದಿನ ಎರಡೂ ವರ್ಷ ಅಲ್ಲಿ ಗೆದ್ದವರು.

ಏಳು ತಿಂಗಳು ಕಳೆಯುವಷ್ಟರಲ್ಲಿ ಅದೇ ಕೀಸ್ ಅಮೆರಿಕ ಓಪನ್‌ನ ಮೊದಲ ಸುತ್ತಿನಲ್ಲೇ ಮೆಕ್ಸಿಕೊದ ರೆನಾಟಾ ಜರಾಜುವಾ ಎದುರು ಸೋತರು. 2026ರ ಜನವರಿಯಲ್ಲಿ ಪ್ರಶಸ್ತಿ ಉಳಿಸಿಕೊಳ್ಳಲು ಮೆಲ್ಬರ್ನ್‌ಗೆ ಮರಳಿದಾಗ ನಾಲ್ಕನೇ ಸುತ್ತಿನಲ್ಲಿ ತಮ್ಮ ದೇಶದವರೇ ಆದ ಜೆಸ್ಸಿಕಾ ಪೆಗುಲಾ ಅವರಿಗೆ ಮಣಿದರು. ಮೆಲ್ಬರ್ನ್‌ನ ಹಗಲಿನ ಪಂದ್ಯಗಳು ನಮ್ಮಲ್ಲಿ ಬೆಳಗಿನ ಐದೂವರೆಗೆ ಶುರುವಾಗುತ್ತವೆ. ಮೈಸೂರಿನ ಮನೆಗಳಲ್ಲಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಒಂದು ಸೆಟ್ ಮುಗಿದಿರುತ್ತದೆ. ಹಾಗೆ ಎದ್ದು ಕುಳಿತು ನೋಡುವವರಿಗೆ ಈ ಏರಿಳಿತ ಗೊಂದಲ ಹುಟ್ಟಿಸಿದ್ದರೆ ಆಶ್ಚರ್ಯವಿಲ್ಲ. ವಿಶ್ವದ ಮೊದಲ ಇಬ್ಬರನ್ನು ಒಂದೇ ವಾರದಲ್ಲಿ ಸೋಲಿಸಬಲ್ಲವರು ಶ್ರೇಯಾಂಕವೇ ಇಲ್ಲದ ಎದುರಾಳಿಗೆ ಸೋಲುವುದು ಹೇಗೆ, ತಡವಾಗಿ ಬಂದ ಗೆಲುವು ಒಂದೇ ಸಲಕ್ಕೆ ಮುಗಿದುಹೋಗುವಂಥದ್ದೇ ಎಂಬ ಎರಡು ಪ್ರಶ್ನೆಗಳು ಇಲ್ಲಿ ಬೆಸೆದುಕೊಂಡಿವೆ.

ಅರಳಿದ್ದು ತಡವೇ, ಗೆದ್ದದ್ದು ತಡವೇ?

ಮೊದಲು ಮಾತನ್ನು ಸರಿಮಾಡಿಕೊಳ್ಳಬೇಕು. ಕೀಸ್ ತಡವಾಗಿ ಅರಳಿದವರೇನೂ ಅಲ್ಲ. ಹದಿನಾಲ್ಕನೇ ವಯಸ್ಸಿನಲ್ಲೇ ಅವರು ಮಹಿಳಾ ವೃತ್ತಿಪರ ಸರ್ಕಿಟ್‌ನ ಮುಖ್ಯ ಸುತ್ತಿನಲ್ಲಿ ಪಂದ್ಯ ಗೆದ್ದಿದ್ದರು. 2015ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಆಸ್ಟ್ರೇಲಿಯಾ ಓಪನ್‌ನ ಸೆಮಿಫೈನಲ್ ತಲುಪಿದ್ದರು. 2017ರ ಅಮೆರಿಕ ಓಪನ್ ಫೈನಲ್‌ನಲ್ಲಿ ಸ್ಲೋನ್ ಸ್ಟೀಫನ್ಸ್ ಎದುರು 3-6, 0-6ರಿಂದ ಸೋತಿದ್ದರು. ಅಂದರೆ ಅವರು ಹತ್ತು ವರ್ಷ ಬಾಗಿಲ ಬಳಿಯೇ ನಿಂತಿದ್ದವರು. ಸ್ವಿಟ್ಜರ್ಲೆಂಡ್‌ನ ಸ್ಟ್ಯಾನ್ ವಾವ್ರಿಂಕಾ ಅವರದೂ ಇದೇ ಕಥೆ. 2008ರಲ್ಲೇ ಮೊದಲ ಹತ್ತರೊಳಗೆ ಬಂದಿದ್ದವರಿಗೆ ಮೊದಲ ಗ್ರ್ಯಾನ್ ಸ್ಲಾಮ್ ದಕ್ಕಿದ್ದು 2014ರಲ್ಲಿ, 28ರ ವಯಸ್ಸಿನಲ್ಲಿ.

ನಿಜವಾಗಿ ತಡವಾಗಿ ಅರಳಿದವರೆಂದರೆ ಜರ್ಮನಿಯ ಏಂಜಲಿಕ್ ಕೆರ್ಬರ್. 2011ರ ಅಮೆರಿಕ ಓಪನ್‌ಗೆ ಬಂದಾಗ ಅವರಿಗೆ 23 ವರ್ಷ, ಕ್ರಮಾಂಕ 92. ಆ ಟೂರ್ನಿಯಲ್ಲಿ ಸೆಮಿಫೈನಲ್ ಮುಟ್ಟುವವರೆಗೂ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ವ್ಯತ್ಯಾಸ ಬರಿಯ ಮಾತಿನ ಕುಸುರಿಯಲ್ಲ. ಬಾಗಿಲ ಬಳಿ ಹತ್ತು ವರ್ಷ ನಿಂತವರಲ್ಲಿ ಆಟದ ಶಕ್ತಿ ಮೊದಲೇ ಇರುತ್ತದೆ, ಕೊನೆಯ ಎರಡು ಪಂದ್ಯ ಗೆಲ್ಲುವ ಗಟ್ಟಿತನ ಮಾತ್ರ ಬಾಕಿ ಇರುತ್ತದೆ. ಎರಡನೆಯ ಗುಂಪಿನವರು ಆಟವನ್ನೇ ಕಟ್ಟಿಕೊಳ್ಳುತ್ತ ಬಂದಿರುತ್ತಾರೆ. ಎರಡನೇ ಟ್ರೋಫಿಗೆ ಇಬ್ಬರೂ ಪಡಬೇಕಾದ ಪಾಡು ಬೇರೆ ಬೇರೆ.

ಹನ್ನೊಂದು ಮಂದಿಯಲ್ಲಿ ಮೂವರು

1990ರಿಂದ ಈಚೆಗೆ 28 ವರ್ಷ ತುಂಬಿದ ಮೇಲೆ ಸಿಂಗಲ್ಸ್‌ನಲ್ಲಿ ಮೊದಲ ಗ್ರ್ಯಾನ್ ಸ್ಲಾಮ್ ಗೆದ್ದವರನ್ನು ಎಣಿಸಿದರೆ ಹನ್ನೊಂದು ಹೆಸರು ಸಿಗುತ್ತವೆ. ಪುರುಷರಲ್ಲಿ ಆಂದ್ರೆಸ್ ಗೊಮೆಜ್, ಪೆಟ್ರ್ ಕೊರ್ಡಾ, ಗೊರಾನ್ ಇವಾನಿಸೆವಿಚ್ ಮತ್ತು ವಾವ್ರಿಂಕಾ. ಮಹಿಳೆಯರಲ್ಲಿ ಯಾನಾ ನೊವೊಟ್ನಾ, ಫ್ರಾನ್ಸೆಸ್ಕಾ ಶಿಯಾವೊನೆ, ಲೀ ನಾ, ಮರಿಯನ್ ಬಾರ್ಟೊಲಿ, ಫ್ಲಾವಿಯಾ ಪೆನೆಟ್ಟಾ, ಕೆರ್ಬರ್ ಮತ್ತು ಕೀಸ್. ಇವರಲ್ಲಿ ಮತ್ತೆ ಗೆದ್ದವರು ಮೂವರೇ: ವಾವ್ರಿಂಕಾಗೆ ಒಟ್ಟು ಮೂರು, ಕೆರ್ಬರ್‌ಗೆ ಮೂರು, ಲೀ ನಾಗೆ ಎರಡು.

ಉಳಿದವರು ಒಂದಕ್ಕೇ ನಿಂತದ್ದಕ್ಕೆ ಕಾರಣಗಳು ಒಂದೇ ತೆರನಾಗಿಲ್ಲ ಎಂಬುದನ್ನು ಗಮನಿಸಬೇಕು. 2015ರಲ್ಲಿ 33ರ ವಯಸ್ಸಿನಲ್ಲಿ ಅಮೆರಿಕ ಓಪನ್ ಗೆದ್ದ ಪೆನೆಟ್ಟಾ ಟ್ರೋಫಿ ಹಿಡಿದ ವೇದಿಕೆಯಲ್ಲೇ ನಿವೃತ್ತಿಯ ನಿರ್ಧಾರ ತಿಳಿಸಿದರು. 2013ರ ವಿಂಬಲ್ಡನ್ ಗೆದ್ದ ಬಾರ್ಟೊಲಿ ಮರು ತಿಂಗಳೇ ರಾಕೆಟ್ ಕೆಳಗಿಟ್ಟರು. ಮೂರು ಸಲ ವಿಂಬಲ್ಡನ್ ಫೈನಲ್ ಸೋತು, 2001ರಲ್ಲಿ 125ನೇ ಕ್ರಮಾಂಕದಲ್ಲಿದ್ದಾಗ ವೈಲ್ಡ್ ಕಾರ್ಡ್ (ಆಯೋಜಕರು ಕೊಡುವ ನೇರ ಪ್ರವೇಶ) ಪಡೆದು ಗೆದ್ದ ಇವಾನಿಸೆವಿಚ್, ಭುಜದ ತೊಂದರೆಯಿಂದ ಮರುವರ್ಷ ಅಲ್ಲಿ ಆಡಲೇ ಆಗಲಿಲ್ಲ. ಶಿಯಾವೊನೆ ಮಾತ್ರ ಮರುವರ್ಷ ಫ್ರೆಂಚ್ ಓಪನ್‌ನ ಫೈನಲ್‌ವರೆಗೆ ಬಂದು ಲೀ ನಾ ಎದುರು ಸೋತರು. ಹೀಗಾಗಿ ‘ತಡವಾಗಿ ಗೆದ್ದವರು ಮತ್ತೆ ಗೆಲ್ಲುವುದಿಲ್ಲ’ ಎನ್ನುವ ವಾದಕ್ಕೆ ಈ ಪಟ್ಟಿಯನ್ನು ಸಾಕ್ಷಿಗೆ ಕರೆಯುವವರು, ಅದರಲ್ಲಿ ಕೆಲವರು ಮತ್ತೆ ಪ್ರಯತ್ನವನ್ನೇ ಮಾಡಲಿಲ್ಲ ಎಂಬುದನ್ನು ಮರೆತಿರುತ್ತಾರೆ.

ದೇಹದ ವಾದ ಎಲ್ಲಿಯವರೆಗೆ ನಿಲ್ಲುತ್ತದೆ

ಸಾಮಾನ್ಯವಾಗಿ ಮುಂದಿಡುವ ಮೊದಲ ವಾದ ವಯಸ್ಸಿನದು. ಗ್ರ್ಯಾನ್ ಸ್ಲಾಮ್ ಗೆಲ್ಲಲು ಎರಡು ವಾರದಲ್ಲಿ ಏಳು ಪಂದ್ಯ ಗೆಲ್ಲಬೇಕು, ಮೂವತ್ತು ದಾಟಿದ ದೇಹ ಒಂದು ಪಂದ್ಯದ ದಣಿವಿನಿಂದ ಮುಂದಿನದಕ್ಕೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಕೇಳುತ್ತದೆ ಎಂಬುದು ಅದರ ತಿರುಳು. ಇದರಲ್ಲಿ ಸತ್ಯವಿದೆ. ಆದರೆ ನೊವಾಕ್ ಜೊಕೊವಿಚ್ ಅವರ 24 ಗ್ರ್ಯಾನ್ ಸ್ಲಾಮ್‌ಗಳಲ್ಲಿ ಹನ್ನೆರಡು, ಅಂದರೆ ಸರಿಯಾಗಿ ಅರ್ಧ, ಮೂವತ್ತು ತುಂಬಿದ ಮೇಲೆ ಬಂದವು. ವಯಸ್ಸೊಂದೇ ಅಡ್ಡಗೋಡೆಯಾಗಿದ್ದರೆ ಇದು ಸಾಧ್ಯವಿರಲಿಲ್ಲ.

ಆಟಗಾರರ ಆಟದ ಆಯುಷ್ಯ ಹೆಚ್ಚಿದ್ದಕ್ಕೆ ದೊಡ್ಡ ಕಾರಣ ದುಡ್ಡು. 2025ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್ ಮೊದಲ ಸುತ್ತಿನಲ್ಲಿ ಸೋತವರಿಗೂ 66 ಸಾವಿರ ಪೌಂಡ್, ನಮ್ಮ ಲೆಕ್ಕದಲ್ಲಿ ಎಪ್ಪತ್ತು ಲಕ್ಷ ರೂಪಾಯಿಗೂ ಮೀರಿದ ಮೊತ್ತ ಸಿಕ್ಕಿತು. ಮೊದಲ ಐವತ್ತರಲ್ಲಿರುವವರು ಈ ಹಣದಿಂದ ಫಿಸಿಯೋ ಮತ್ತು ಫಿಟ್‌ನೆಸ್ ತರಬೇತುದಾರರನ್ನು ವರ್ಷವಿಡೀ ಜೊತೆಗೆ ಕರೆದೊಯ್ಯಬಲ್ಲರು. ಹಿಂದೆ ಆಟದ ಬದುಕನ್ನೇ ಮುಗಿಸುತ್ತಿದ್ದ ಗಾಯ ಈಗ ಹಲವರ ಪಾಲಿಗೆ ಆರು ತಿಂಗಳ ವಿರಾಮವಾಗುತ್ತದೆ.

ನಮ್ಮ ಸೀಮೆಗೆ ಹತ್ತಿರದ ಉದಾಹರಣೆ ಕೊಡಗಿನ ರೋಹನ್ ಬೋಪಣ್ಣ. 2017ರಲ್ಲಿ, 37ರ ವಯಸ್ಸಿನಲ್ಲಿ, ಫ್ರೆಂಚ್ ಓಪನ್‌ನ ಮಿಶ್ರ ಡಬಲ್ಸ್‌ನಲ್ಲಿ ಅವರಿಗೆ ಮೊದಲ ಗ್ರ್ಯಾನ್ ಸ್ಲಾಮ್ ಬಂತು. 2024ರ ಜನವರಿಯಲ್ಲಿ, 43ರಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯಾ ಓಪನ್ ಪುರುಷರ ಡಬಲ್ಸ್ ಗೆದ್ದು, ಅದೇ ಹೊತ್ತಿಗೆ ವಿಶ್ವದ ಅಗ್ರ ಕ್ರಮಾಂಕಕ್ಕೂ ಏರಿದರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿದ್ದ ತಮ್ಮನ್ನು ಅಂಗಳದಲ್ಲಿ ಉಳಿಸಿದ್ದು ಅಯ್ಯಂಗಾರ್ ಯೋಗ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಪದ್ಧತಿಯ ಬೇರು ಮೈಸೂರಿನಲ್ಲಿದೆ. ಬಿ.ಕೆ.ಎಸ್. ಅಯ್ಯಂಗಾರ್ 1930ರ ದಶಕದಲ್ಲಿ ಯೋಗ ಕಲಿತದ್ದು ಇಲ್ಲಿಯೇ, ತಮ್ಮ ಭಾವ ಟಿ. ಕೃಷ್ಣಮಾಚಾರ್ಯರ ಬಳಿ, ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಯುತ್ತಿತ್ತು. ಆದರೆ ಬೋಪಣ್ಣ ಅವರ ಉದಾಹರಣೆಯನ್ನು ಕೀಸ್ ಅವರಿಗೆ ನೇರವಾಗಿ ಅನ್ವಯಿಸಲಾಗದು. ಡಬಲ್ಸ್‌ನಲ್ಲಿ ಓಡಬೇಕಾದ ಅಂಗಳ ಇಬ್ಬರಲ್ಲಿ ಹಂಚಿಹೋಗುತ್ತದೆ, ರ‍್ಯಾಲಿಗಳು ಚಿಕ್ಕವು, ದೊಡ್ಡ ಸರ್ವ್ ಇದ್ದವರಿಗೆ ವಯಸ್ಸು ಬೇಗ ತಟ್ಟುವುದಿಲ್ಲ. ಸಿಂಗಲ್ಸ್‌ನಲ್ಲಿ ಇಂಥ ರಿಯಾಯಿತಿ ಇಲ್ಲ.

ಗೆದ್ದ ಮರುಕ್ಷಣದಿಂದ ಏನಾಗುತ್ತದೆ

ಕೀಸ್ ಗೆದ್ದ ನಂತರ ಸೋತದ್ದೇ ಅವರ ಕಥೆ ಮುಗಿದದ್ದಕ್ಕೆ ಪುರಾವೆ ಎನ್ನುವವರು ಮತ್ತೆ ಗೆದ್ದ ಆ ಮೂವರ ದಾಖಲೆಯನ್ನೊಮ್ಮೆ ತೆಗೆದು ನೋಡಬೇಕು. 2011ರಲ್ಲಿ ಫ್ರೆಂಚ್ ಓಪನ್ ಗೆದ್ದ ಲೀ ನಾ ಆ ವರ್ಷದ ವಿಂಬಲ್ಡನ್‌ನಲ್ಲಿ ಎರಡನೇ ಸುತ್ತಿನಲ್ಲೂ, ಅಮೆರಿಕ ಓಪನ್‌ನಲ್ಲಿ ಮೊದಲ ಸುತ್ತಿನಲ್ಲೂ ಸೋತರು. 2014ರ ಆಸ್ಟ್ರೇಲಿಯಾ ಓಪನ್ ಗೆದ್ದ ವಾವ್ರಿಂಕಾ ಮುಂದಿನ ಗ್ರ್ಯಾನ್ ಸ್ಲಾಮ್ ಆದ ಫ್ರೆಂಚ್ ಓಪನ್‌ನಲ್ಲಿ ಮೊದಲ ಸುತ್ತು ದಾಟಲಿಲ್ಲ. 2016ರಲ್ಲಿ ಎರಡು ಗ್ರ್ಯಾನ್ ಸ್ಲಾಮ್ ಗೆದ್ದು ಅಗ್ರ ಕ್ರಮಾಂಕಕ್ಕೇರಿದ ಕೆರ್ಬರ್ 2017ರಲ್ಲಿ ಒಂದೇ ಒಂದು ಟೂರ್ನಿ ಗೆಲ್ಲಲಿಲ್ಲ. ಪ್ಯಾರಿಸ್ (ಫ್ರೆಂಚ್ ಓಪನ್) ಮತ್ತು ನ್ಯೂಯಾರ್ಕ್ (ಅಮೆರಿಕ ಓಪನ್) ಎರಡರಲ್ಲೂ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಮತ್ತೆ ಗೆದ್ದವರು ಮೂವರೂ ಮೊದಲು ಹೀಗೆ ಬಿದ್ದವರೇ. ಆದ್ದರಿಂದ ಕುಸಿತವನ್ನು ಕಂಡು ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಕುಸಿತಕ್ಕೆ ಕಾರಣಗಳು ಸರಪಳಿಯಂತೆ ಒಂದಕ್ಕೊಂದು ತಗುಲಿಕೊಂಡಿವೆ. ಗ್ರ್ಯಾನ್ ಸ್ಲಾಮ್ ಗೆದ್ದವರಿಗೆ 2000 ರ‍್ಯಾಂಕಿಂಗ್ ಅಂಕ ಸಿಗುತ್ತವೆ, ಆದರೆ ಅವು ವರ್ಷದ ಗುತ್ತಿಗೆಗೆ ಹಿಡಿದ ಹೊಲದಂತೆ 52 ವಾರ ಕಳೆದೊಡನೆ ಕೈಬಿಡುತ್ತವೆ. ಮಹಿಳೆಯರಲ್ಲಿ ನಾಲ್ಕನೇ ಸುತ್ತಿನಲ್ಲಿ ಸೋತರೆ 240 ಅಂಕ. ಅಂದರೆ 2026ರ ಜನವರಿಯ ಒಂದು ಸೋಲಿನಿಂದ ಕೀಸ್ ಖಾತೆಯಿಂದ ಕರಗಿದ್ದು 1760. ಅಂಕ ಇಳಿದರೆ ಶ್ರೇಯಾಂಕ ಇಳಿಯುತ್ತದೆ, ಶ್ರೇಯಾಂಕ ಇಳಿದರೆ ಬಲಾಢ್ಯರು ಬೇಗ ಎದುರಾಗುತ್ತಾರೆ. ಮೊದಲ ಎಂಟು ಶ್ರೇಯಾಂಕದವರು ಕ್ವಾರ್ಟರ್‌ಫೈನಲ್‌ವರೆಗೆ ಪರಸ್ಪರ ಎದುರಾಗುವಂತಿಲ್ಲ. ಒಂಬತ್ತರಿಂದ ಹದಿನಾರರೊಳಗಿನವರಿಗೆ ನಾಲ್ಕನೇ ಸುತ್ತಿನಲ್ಲೇ ಆ ಎಂಟರಲ್ಲೊಬ್ಬರು ಕಾದಿರುತ್ತಾರೆ. ಕೀಸ್ ಆ ಸಲ ಒಂಬತ್ತನೇ ಶ್ರೇಯಾಂಕದವರು, ಪೆಗುಲಾ ಆರನೆಯವರು. ಒಂದೇ ಒಂದು ಮೆಟ್ಟಿಲು ಮೇಲಿದ್ದಿದ್ದರೆ ಆ ಪಂದ್ಯ ಅಷ್ಟು ಬೇಗ ನಡೆಯುತ್ತಲೇ ಇರಲಿಲ್ಲ.

ಎರಡನೆಯದು ಎದುರಾಳಿಯ ಮನಸ್ಸು. ಚಾಂಪಿಯನ್ ವಿರುದ್ಧ ಆಡುವವರಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಚಾಂಪಿಯನ್‌ಗೆ ಎಲ್ಲವೂ ಇರುತ್ತದೆ. ಜರಾಜುವಾ ಎದುರಿನ ಪಂದ್ಯದಲ್ಲಿ ಕೀಸ್ 89 ಅನಗತ್ಯ ತಪ್ಪು ಮಾಡಿದರು, 14 ಡಬಲ್ ಫಾಲ್ಟ್ ಎಸಗಿದರು. ಮೊದಲ ಸೆಟ್ಟನ್ನು ಟೈಬ್ರೇಕರ್‌ನಲ್ಲಿ ಗೆದ್ದೂ 7-6, 6-7, 5-7ರಿಂದ ಸೋತರು. ಜರಾಜುವಾ ಅಬ್ಬರದ ಹೊಡೆತಗಳವರಲ್ಲ, ಬಂದ ಚೆಂಡನ್ನು ತಾಳ್ಮೆಯಿಂದ ಮರಳಿಸುವವರು. ಅಂಥವರ ಎದುರು ಬಿರುಸಿನ ಹೊಡೆತದ ಆಟಗಾರ್ತಿ ತನ್ನ ಅಂಕಗಳನ್ನೂ ತಾನೇ ಗಳಿಸಬೇಕು, ತನ್ನ ತಪ್ಪುಗಳನ್ನೂ ತಾನೇ ತಡೆದುಕೊಳ್ಳಬೇಕು. ಒತ್ತಡ ತಮ್ಮನ್ನು ಮೀರಿಸಿತು ಎಂದು ಕೀಸ್ ಪಂದ್ಯದ ಬಳಿಕ ಒಪ್ಪಿಕೊಂಡರು.

ಬುಡ ಗಟ್ಟಿಯಿದ್ದರೆ ಕೂಳೆ

ಹೊಸದಾಗಿ ನಾಟಿ ಮಾಡಿದ ಕಬ್ಬನ್ನು ಕಡಿದ ಮೇಲೆ ಅದೇ ಬುಡದಿಂದ ಚಿಗುರಿ ಬರುವ ಬೆಳೆಯನ್ನು ಮಂಡ್ಯದ ರೈತರು ಕೂಳೆ ಎನ್ನುತ್ತಾರೆ. ಬಿತ್ತನೆ ಕಬ್ಬಿನ ಖರ್ಚಿಲ್ಲ, ನಾಟಿಯ ಕೂಲಿಯಿಲ್ಲ. ಆದರೆ ಹಾಗೇ ಬಿಟ್ಟರೆ ಬರುವುದಿಲ್ಲ: ಕಡಿದ ಬುಡವನ್ನು ನೆಲಮಟ್ಟಕ್ಕೆ ಸವರಬೇಕು, ಚಿಗುರದೆ ಉಳಿದ ಕಡೆ ಹೊಸ ಸಸಿ ಕೂರಿಸಬೇಕು, ಗೊಬ್ಬರವನ್ನು ತಡಮಾಡದೆ ಕೊಡಬೇಕು. ಇಷ್ಟು ಮಾಡಿದರೂ ಎರಡನೇ ಕೂಳೆ, ಮೂರನೇ ಕೂಳೆಗೆ ಹೋಗುತ್ತ ಇಳುವರಿ ಇಳಿಯುತ್ತದೆ, ಕೊನೆಗೆ ಬುಡ ಕಿತ್ತು ಹೊಸ ನಾಟಿಗೆ ಹೋಗಲೇಬೇಕು. ತಡವಾಗಿ ಗೆದ್ದವರ ಮುಂದಿನ ಟ್ರೋಫಿಗಳ ಲೆಕ್ಕ ಇದಕ್ಕೆ ತೀರ ಹತ್ತಿರದ್ದು. ಮೊದಲ ಗೆಲುವಿನ ಬುಡ ಎಂಥದ್ದು, ಅದನ್ನು ಯಾರು ಹೇಗೆ ಸವರಿದರು ಎಂಬುದರ ಮೇಲೆ ಉಳಿದದ್ದು ನಿಂತಿದೆ.

ವಾವ್ರಿಂಕಾ ಅವರ ಬುಡವನ್ನು ನೋಡಿ. 2013ರಲ್ಲಿ ಅವರು ಸ್ವೀಡನ್ನಿನ ಮ್ಯಾಗ್ನಸ್ ನಾರ್ಮನ್ ಅವರನ್ನು ಕೋಚ್ ಆಗಿ ಪಡೆದರು. ಆ ವರ್ಷ ಜೊಕೊವಿಚ್ ಎದುರು ಎರಡು ಗ್ರ್ಯಾನ್ ಸ್ಲಾಮ್‌ಗಳಲ್ಲಿ ಐದೈದು ಸೆಟ್ ಆಡಿ ಸೋತರು. ಮೆಲ್ಬರ್ನ್‌ನಲ್ಲಿ ಕೊನೆಯ ಸೆಟ್ 10-12. ಮರುವರ್ಷ ಅದೇ ಮೆಲ್ಬರ್ನ್‌ನಲ್ಲಿ, ಅದೇ ಜೊಕೊವಿಚ್ ಎದುರು ಕೊನೆಯ ಸೆಟ್ಟನ್ನು 9-7ರಿಂದ ಗೆದ್ದರು. ಅವರು ಗೆದ್ದ ಮೂರೂ ಟ್ರೋಫಿಗಳ ಫೈನಲ್‌ಗಳಲ್ಲಿ ಮೂರು ಸಲವೂ ಎದುರಿಗಿದ್ದವರು ಆಗಿನ ಅಗ್ರ ಕ್ರಮಾಂಕದವರು: 2014ರಲ್ಲಿ ನಡಾಲ್, 2015ರ ಪ್ಯಾರಿಸ್ ಮತ್ತು 2016ರ ನ್ಯೂಯಾರ್ಕ್‌ನಲ್ಲಿ ಜೊಕೊವಿಚ್. ಆಸ್ಟ್ರೇಲಿಯಾದ್ದು ಮತ್ತು ಅಮೆರಿಕದ್ದು ಗಟ್ಟಿ ಅಂಗಳ, ಪ್ಯಾರಿಸ್‌ನದು ಮಣ್ಣಿನ ಅಂಗಳ. ಎರಡು ಬಗೆಯ ನೆಲದಲ್ಲಿ, ಮೂರು ಬೇರೆ ವರ್ಷಗಳಲ್ಲಿ, ಅತಿ ಕಠಿಣ ಎದುರಾಳಿಗಳನ್ನು ಸೋಲಿಸಿದ್ದನ್ನು ಅದೃಷ್ಟ ಎನ್ನಲು ಬರುವುದಿಲ್ಲ. ಕೊನೆಗೆ ಅವರನ್ನು ತಡೆದದ್ದು ಮೊಣಕಾಲು. 2017ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ನಡಾಲ್‌ಗೆ ಸೋತ ಎರಡು ತಿಂಗಳಲ್ಲಿ ಅವರು ಶಸ್ತ್ರಚಿಕಿತ್ಸೆಗೆ ಒಳಗಾದರು, ಆಮೇಲೆ ಗ್ರ್ಯಾನ್ ಸ್ಲಾಮ್ ಫೈನಲ್ ಕಾಣಲಿಲ್ಲ.

ಕೀಸ್ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿಲ್ಲ. ಅವರ ಆಟದಲ್ಲೂ ಅಳೆಯಬಹುದಾದ ಬದಲಾವಣೆ ಆಗಿತ್ತು. ಕೀಸ್ ಅವರ ಕೋಚ್ ಪತಿಯೇ ಆದ ಬ್ಯೋರ್ನ್ ಫ್ರಾಟಾಂಜೆಲೊ. ಅವರ ಸಲಹೆಯಂತೆ ಹಲವು ವರ್ಷಗಳ ರಾಕೆಟ್ ಬಿಟ್ಟು ಯೋನೆಕ್ಸ್‌ಗೆ ಬದಲಾದರು, ತಂತಿಯನ್ನೂ ಬದಲಿಸಿ ಪಾಲಿಯೆಸ್ಟರ್ ಹಾಕಿಸಿಕೊಂಡರು. ಈ ತಂತಿ ಚೆಂಡಿಗೆ ಹೆಚ್ಚು ತಿರುವು ಕೊಡುತ್ತದೆ, ತಿರುವು ಹೆಚ್ಚಿದರೆ ಬಿರುಸಾಗಿ ಹೊಡೆದ ಚೆಂಡೂ ಗೆರೆ ದಾಟುವ ಮೊದಲು ಕೆಳಗಿಳಿಯುತ್ತದೆ. ಕೀಸ್‌ರಂತೆ ಪೂರ್ತಿ ಬೀಸಿ ಹೊಡೆಯುವವರಿಗೆ ಇದು ದೊಡ್ಡ ವರ.

ಆದರೆ ಶ್ವಾಂಟೆಕ್ ಎದುರಿನ ಸೆಮಿಫೈನಲ್‌ನ ಒಂದು ಕ್ಷಣವನ್ನು ಬದಿಗಿಟ್ಟು ಈ ಲೆಕ್ಕ ಮಾಡಲಾಗದು. ಮೂರನೇ ಸೆಟ್‌ನಲ್ಲಿ ಶ್ವಾಂಟೆಕ್ 6-5ರಿಂದ ಮುಂದಿದ್ದರು, ಸರ್ವ್ ಅವರದೇ, ಗೇಮ್‌ನಲ್ಲಿ 40-30. ಆ ಒಂದು ಅಂಕ ಅವರಿಗೆ ಬಂದಿದ್ದರೆ ಫೈನಲ್‌ಗೆ ಹೋಗುತ್ತಿದ್ದವರು ಅವರು. ಬ್ಯಾಕ್‌ಹ್ಯಾಂಡ್ ಹೊಡೆತ ನೆಟ್‌ಗೆ ಬಡಿಯಿತು. ಕೀಸ್ ಆ ಗೇಮ್ ಕಸಿದುಕೊಂಡು, ಹತ್ತು ಅಂಕಗಳ ಟೈಬ್ರೇಕರ್ ಅನ್ನು 10-8ರಿಂದ ಗೆದ್ದರು. ಎದುರಾಳಿಯ ಒಂದು ತಪ್ಪಿನ ಮೇಲೆ ನಿಂತ ಟ್ರೋಫಿಯನ್ನು ಹೊಸ ಯುಗದ ಆರಂಭ ಎನ್ನುವುದು ದುಡುಕು. ಹಾಗೆಂದು ಅದನ್ನು ಆಕಸ್ಮಿಕವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಕೆರ್ಬರ್ 2016ರಲ್ಲಿ ಮೊದಲ ಗ್ರ್ಯಾನ್ ಸ್ಲಾಮ್ ಗೆದ್ದದ್ದು ಮೊದಲ ಸುತ್ತಿನಲ್ಲಿ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು. ಲೀ ನಾ 2014ರಲ್ಲಿ ಎರಡನೆಯದನ್ನು ಗೆದ್ದದ್ದು ಮೂರನೇ ಸುತ್ತಿನಲ್ಲಿ ಉಳಿಸಿಕೊಂಡು. ಕೂದಲೆಳೆಯ ಅಂತರ ಈ ಗುಂಪಿನವರಿಗೆಲ್ಲ ಪರಿಚಿತವೇ.

ಪುರುಷರಲ್ಲಿ ದಾರಿ ಇನ್ನೂ ಕಿರಿದು

2024 ಮತ್ತು 2025ರ ಎಂಟೂ ಪುರುಷರ ಗ್ರ್ಯಾನ್ ಸ್ಲಾಮ್‌ಗಳನ್ನು ಯಾನಿಕ್ ಸಿನ್ನರ್ ಮತ್ತು ಕಾರ್ಲೊಸ್ ಅಲ್ಕರಾಜ್ ಇಬ್ಬರೇ ಹಂಚಿಕೊಂಡರು. 2025ರಲ್ಲಿ ಮಹಿಳೆಯರ ನಾಲ್ಕು ಟ್ರೋಫಿಗಳು ನಾಲ್ವರ ಪಾಲಾದವು. ಐದು ಸೆಟ್‌ಗಳ ಪಂದ್ಯದಲ್ಲಿ ಬಲಾಢ್ಯರಿಗೆ ತಪ್ಪು ತಿದ್ದಿಕೊಳ್ಳಲು ಹೆಚ್ಚು ಅವಕಾಶವಿರುತ್ತದೆ, ಮೂರು ಸೆಟ್‌ಗಳಲ್ಲಿ ಒಂದು ಒಳ್ಳೆಯ ಗಂಟೆ ಪಂದ್ಯದ ದಿಕ್ಕನ್ನೇ ತಿರುಗಿಸಬಹುದು. ಇಂದು 28 ದಾಟಿದ ಪುರುಷ ಆಟಗಾರರೊಬ್ಬರು ಮೊದಲ ಗ್ರ್ಯಾನ್ ಸ್ಲಾಮ್‌ಗೆ ಕಾಯುತ್ತಿದ್ದರೆ ಅವರ ಪಾಡು ಕೀಸ್‌ಗಿಂತ ಕಷ್ಟದ್ದು.

ಮೈಸೂರಿನ ಅಂಗಳದಲ್ಲಿ ಈ ಕಥೆಯ ಬೆಲೆ

ಇಂಥ ಗೆಲುವುಗಳ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಒಂದು ಸಮಾಧಾನದ ಮಾತು ಹರಿದಾಡುತ್ತದೆ: ‘ಪರವಾಗಿಲ್ಲ, ತಡವಾದರೂ ಬರುತ್ತದೆ.’ ಎಸ್ಸೆಸ್ಸೆಲ್ಸಿ, ಪಿಯುಸಿ ಹೊಸ್ತಿಲಲ್ಲಿ ಮಗುವನ್ನು ಟೆನಿಸ್‌ನಲ್ಲಿ ಉಳಿಸಬೇಕೋ ಬಿಡಿಸಬೇಕೋ ಎಂದು ತೂಗುತ್ತಿರುವ ತಂದೆತಾಯಿಗೆ ಈ ಮಾತು ದಾರಿ ತಪ್ಪಿಸಬಹುದು. ಕೀಸ್ ಆ ಹತ್ತು ವರ್ಷ ಕಾದದ್ದು ಬಹುಪಾಲು ಮೊದಲ ಮೂವತ್ತರ ಆಸುಪಾಸಿನಲ್ಲಿ, ಅಲ್ಲಿ ಕಾಯುವುದಕ್ಕೂ ಸಂಬಳ ಸಿಗುತ್ತದೆ. ಮೈಸೂರು ಟೆನಿಸ್ ಕ್ಲಬ್‌ನಲ್ಲಿ 2023ರಲ್ಲಿ ನಡೆದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಮೈಸೂರು ಓಪನ್ 25 ಸಾವಿರ ಡಾಲರ್ ದರ್ಜೆಯದು. ಒಬ್ಬರಿಗಲ್ಲ, ಇಡೀ ಟೂರ್ನಿಯ ಎಲ್ಲರಿಗೂ ಸೇರಿ ಅಷ್ಟು. ವಿಂಬಲ್ಡನ್‌ನಲ್ಲಿ ಮೊದಲ ದಿನವೇ ಸೋತು ಮನೆಗೆ ಹೋಗುವ ಒಬ್ಬರಿಗೆ ಸಿಗುವುದು ಇದಕ್ಕಿಂತ ಹೆಚ್ಚು. ಆ ಮಟ್ಟದಲ್ಲಿ ಹತ್ತು ವರ್ಷ ಕಾಯುವ ಖರ್ಚನ್ನು ಮನೆಯವರು ಹೊರಬೇಕು.

ಭಾರತದಲ್ಲಿ ತಡವಾದ ಏಳಿಗೆ ಹೇಗಿರುತ್ತದೆ ಎಂಬುದಕ್ಕೆ ಚೆನ್ನೈನ ಪ್ರಜ್ಞೇಶ್ ಗುಣೇಶ್ವರನ್ ಹೆಚ್ಚು ನಿಜವಾದ ಉದಾಹರಣೆ. ಮೊಣಕಾಲಿನ ಮೂಳೆಯ ಬಿರುಕುಗಳಿಂದ ಇಪ್ಪತ್ತರ ಹರೆಯದ ಹಲವು ವರ್ಷ ಕಳೆದುಕೊಂಡವರು 2019ರಲ್ಲಿ, 29ರ ವಯಸ್ಸಿನಲ್ಲಿ, 75ನೇ ಕ್ರಮಾಂಕಕ್ಕೇರಿದರು. ಆ ವರ್ಷ ನಾಲ್ಕೂ ಗ್ರ್ಯಾನ್ ಸ್ಲಾಮ್‌ಗಳ ಮುಖ್ಯ ಸುತ್ತಿನಲ್ಲಿ ಆಡಿದರು, ನಾಲ್ಕರಲ್ಲೂ ಮೊದಲ ಪಂದ್ಯ ಸೋತರು. 2024ರಲ್ಲಿ ನಿವೃತ್ತರಾದರು. ಇದು ಸಣ್ಣ ಸಾಧನೆಯಲ್ಲ, ಆದರೆ ಟ್ರೋಫಿ ಎತ್ತಿದ ಫೋಟೋದಲ್ಲಿ ಇದು ಕಾಣುವುದಿಲ್ಲ.

ಮೂವತ್ತು ತಿಂಗಳ ಲೆಕ್ಕ

ಮತ್ತೆ ಗೆದ್ದ ಆ ಮೂವರ ತಾರೀಖುಗಳನ್ನು ಸಾಲಾಗಿ ಇಟ್ಟರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಲೀ ನಾ ಮೊದಲ ಟ್ರೋಫಿ ಗೆದ್ದದ್ದು 2011ರ ಜೂನ್‌ನಲ್ಲಿ, ಕೊನೆಯದು 2014ರ ಜನವರಿಯಲ್ಲಿ: 31 ತಿಂಗಳು. ವಾವ್ರಿಂಕಾ 2014ರ ಜನವರಿಯಿಂದ 2016ರ ಸೆಪ್ಟೆಂಬರ್: 32 ತಿಂಗಳು. ಕೆರ್ಬರ್ 2016ರ ಜನವರಿಯಿಂದ 2018ರ ಜುಲೈ: 30 ತಿಂಗಳು. ಮೂರೇ ಉದಾಹರಣೆಗಳಿಂದ ನಿಯಮ ಕಟ್ಟುವುದು ತಪ್ಪು. ಆದರೂ ಮೂವರೂ ಸುಮಾರು ಎರಡೂವರೆ ವರ್ಷದಲ್ಲೇ ತಮ್ಮ ಫಸಲನ್ನೆಲ್ಲ ತೆಗೆದರು ಎಂಬುದಕ್ಕೆ ಅರ್ಥವಿದೆ. ಮೊದಲ ಗೆಲುವಿನಿಂದ ಬರುವ ಧೈರ್ಯ ಏರುತ್ತಿರುವಾಗ ದೇಹದ ಬಲ ಇಳಿಯುತ್ತಿರುತ್ತದೆ, ಎರಡೂ ಸಾಕಷ್ಟು ಉಳಿದಿರುವ ಅವಧಿ ಅಷ್ಟೇ ಇರುತ್ತದೆ. ಲೀ ನಾ ಮೊಣಕಾಲಿನ ನೋವಿನಿಂದ ಎರಡನೇ ಟ್ರೋಫಿ ಗೆದ್ದ ವರ್ಷವೇ ನಿವೃತ್ತರಾದರು.

ಈ ಲೆಕ್ಕವನ್ನು ಕೀಸ್ ಅವರಿಗೆ ಹಚ್ಚಿದರೆ ಅವರ ಅವಧಿ 2027ರ ವಿಂಬಲ್ಡನ್ ಅಥವಾ ಅಮೆರಿಕ ಓಪನ್‌ವರೆಗೆ ಹೋಗುತ್ತದೆ. ಬಿರುಸಿನ ಸರ್ವ್ ಮತ್ತು ಫೋರ್‌ಹ್ಯಾಂಡ್ ಇರುವವರಿಗೆ ಗಟ್ಟಿ ಅಂಗಳದ ಎರಡು ಟೂರ್ನಿಗಳಲ್ಲಿ ಅವಕಾಶ ಹೆಚ್ಚು, ಅದರಲ್ಲೂ ಶ್ರೇಯಾಂಕವನ್ನು ಮತ್ತೆ ಎಂಟರೊಳಗೆ ತಂದುಕೊಂಡರೆ. ಇನ್ನೊಂದು ಟ್ರೋಫಿ ಅವರಿಂದ ಆಗದ ಮಾತೇನಲ್ಲ. ಸಾಲು ಸಾಲಾಗಿ ಗೆಲ್ಲುತ್ತ ಹೋಗುತ್ತಾರೆ ಎಂದು ಹೇಳಲು ಮಾತ್ರ ಈ ದಾಖಲೆಗಳಲ್ಲಿ ಆಧಾರವಿಲ್ಲ. 2027ರ ಆ ಸೆಪ್ಟೆಂಬರ್‌ಗೆ ಅವರಿಗೆ 32 ವರ್ಷವಾಗಿರುತ್ತದೆ. ಕೊನೆಯ ಟ್ರೋಫಿ ಗೆದ್ದಾಗ ಲೀ ನಾ ಮತ್ತು ವಾವ್ರಿಂಕಾಗೆ 31, ಕೆರ್ಬರ್‌ಗೆ 30.